ಬಟವಾಡಿ ಬೀದಿಯಲ್ಲಿ ನನ್ನ ಮೂಳೆಪೆಟ್ಟಿಗೆ

ಇವತ್ತು ತುಮಕೂರಿನ ಬಟವಾಡಿಯಲ್ಲಿ ಆ ಮನೆಯ ಗೇಟು ಕಣ್ಣಿಗೆ ಬಿತ್ತು ಗೆಳೆಯರೇ, ಮೈಯೆಲ್ಲ ಉರಿದುಹೋಯಿತು. ಎಂಬತ್ತರ ದಶಕದ ಕೊನೆಯಲ್ಲಿ ಕಡಬದಿಂದ ತುಮಕೂರಿಗೆ ಮೆಡಿಕಲ್ ಓದಲು ಬಂದು, ಆ ಮನೆಯಲ್ಲೇ ಬಾಡಿಗೆ ರೂಮಿನಲ್ಲಿದ್ದೆ. ಅನಾಟಮಿ ಪರೀಕ್ಷೆಯ ಹಿಂದಿನ ದಿನ ಕಾಲೇಜಿನಿಂದ ಬಂದರೆ, ಸೀನಿಯರ್ ಅಕ್ಕ ಓದಲು ಕೊಟ್ಟಿದ್ದ ಮೂಳೆಗಳ ಪೆಟ್ಟಿಗೆ ಬೀದಿಯಲ್ಲಿ ಬೋರಲು ಬಿದ್ದಿತ್ತು. ಬುರುಡೆ ಚರಂಡಿಯ ಅಂಚಿನಲ್ಲಿತ್ತು.

ಮನೆ ಓನರಮ್ಮ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಡಾಕ್ಟರ್ ಓದ್ತಾಳೆ ಅಂದ್ರು ನಿಮ್ಮಪ್ಪ. ಮನೇಗೆ ಹೆಣ ತರ್ತಾಳೆ ಅನ್ಲಿಲ್ಲ! ಈಗ್ಲೇ ಖಾಲಿ ಮಾಡು."

"ಇದನ್ನ ಓದ್ದೆ ಡಾಕ್ಟರ್ ಹೆಂಗಾಗೋದು? ನಾಳೆ ಪರೀಕ್ಷೆ ಇಟ್ಕೊಂಡಿದೀನಿ, ನೀವು ಬುರುಡೇನ ಬೀದಿಗೆ ಎಸೆದಿದೀರಲ್ಲ!" ಎಂದು ಕಿರುಚಿದೆ. ಅಕ್ಕಪಕ್ಕದವರು ನಿಂತು ನೋಡಿದರೇ ಹೊರತು ಒಬ್ಬರೂ ಕೈ ಹಾಕಲಿಲ್ಲ. ಮಣ್ಣಿನಲ್ಲಿ ಕುಳಿತು, ಬೆರಳಿನ ಸಣ್ಣ ಮೂಳೆಗಳನ್ನೂ ಒಂದೊಂದಾಗಿ ಆರಿಸಿ, ಸೆರಗಿನಲ್ಲಿ ಒರೆಸಿ ಪೆಟ್ಟಿಗೆಗೆ ತುಂಬಿದೆ. ಸಿಟ್ಟಿಗೆ ಅಳುವೂ ಬರಲಿಲ್ಲ.

ಸೀನಿಯರ್ ಅಕ್ಕನ ರೂಮಿಗೆ ಹೋಗಲು ಆಟೋ ಹತ್ತುವಾಗ ಓನರಮ್ಮನ ಯಜಮಾನರು ಕುಂಟುತ್ತಾ ಬಂದರು. "ಹೋಗೋದ್ ಹೋಗ್ತೀಯ, ನನ್ ಮಂಡಿ ನೋವಿಗೆ ಯಾವ ಮಾತ್ರೆ ಒಳ್ಳೇದು ಹೇಳ್ಬುಟ್ಟು ಹೋಗಮ್ಮ."

ಮೊದಲ ವರ್ಷದಲ್ಲಿ ಮಾತ್ರೆಗಳ ಪಾಠ ಇರಲಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ.