ಯಶೋಧಾಳ ಹೊಟ್ಟೆಕಿಚ್ಚು, ರಾಜೇಂದ್ರನ ಪಥ್ಯ

ಯಶೋಧಾಳ ಹೊಟ್ಟೆಕಿಚ್ಚಿಗೆ ಹೊಸನಗರದ ಬಸ್‌ಸ್ಟ್ಯಾಂಡ್ ಸುತ್ತಮುತ್ತ ಒಳ್ಳೆಯ ಹೆಸರಿತ್ತು. ಟೈಲರಿಂಗ್ ಅಂಗಡಿಯಲ್ಲಿ ಮೆಷಿನ್ ತುಳಿಯುತ್ತ ಕೂತರೂ ಅವಳ ಕಣ್ಣು ರಸ್ತೆಯ ಮೇಲೆ. ತನ್ನ ಗಿರಾಕಿ ಬೇರೆ ಕಡೆ ರವಿಕೆ ಹೊಲಿಸಿದರೆ ತೋಳಿನ ಹೊಲಿಗೆ ನೋಡಿಯೇ ಪತ್ತೆ ಹಚ್ಚಿ ಮಾತು ಬಿಡುತ್ತಿದ್ದಳು. ಗಂಡ ರಾಜೇಂದ್ರನ ವಿಷಯದಲ್ಲಂತೂ ಕೇಳುವುದೇ ಬೇಡ. ಅವನು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಮುಂದಿನ ಸೀಟಿನಲ್ಲಿ ಯಾವ ಹೆಂಗಸು ಕೂತಿದ್ದಳು, ಯಾಕೆ ನಗುತ್ತಿದ್ದಳು ಎಂಬುದೆಲ್ಲ ಬಸ್ಸು ಅಂಗಡಿ ದಾಟುವಷ್ಟರಲ್ಲಿ ಇವಳಿಗೆ ಗೊತ್ತಾಗಬೇಕು. ಇಷ್ಟು ಕಾವಲು ಕಾಯುವ ಹೆಂಡತಿ ಸಿಕ್ಕಿದ್ದು ಪುಣ್ಯವೋ ಕರ್ಮವೋ, ಅವನನ್ನೇ ಕೇಳಬೇಕು.

ಐವತ್ತು ದಾಟಿದ ಮೇಲೆ ರಾಜೇಂದ್ರನಿಗೆ ಶುಗರ್ ಬಂತು, ಅದರ ಬೆನ್ನಿಗೇ ಎದೆನೋವು. ಎದೆ ಹಿಡಿದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಡಾಕ್ಟರು ಒಂದು ಸಣ್ಣ ಮಾತ್ರೆ ಕೊಟ್ಟಿದ್ದರು. ಅದು ಕಂಡಕ್ಟರ್ ಕಾಂತರಾಜನ ಟಿಕೆಟ್ ಬ್ಯಾಗಿನಲ್ಲಿ ಸದಾ ಇರುತ್ತಿತ್ತು. ಇದೆಲ್ಲ ಇಡೀ ರೂಟಿಗೆ ಗೊತ್ತು. ರೂಟಿಗೆ ಗೊತ್ತಿಲ್ಲದ್ದು ಒಂದೇ: ಹಾಸಿಗೆಯಲ್ಲಿ ಅವನಿಗೆ ಮೊದಲಿನಂತೆ ಆಗುತ್ತಿರಲಿಲ್ಲ. ಒಂದೆರಡು ಸಲ ಸೋತವನು ಆಮೇಲೆ ಪ್ರಯತ್ನವನ್ನೇ ಬಿಟ್ಟ, ಮಾತನ್ನೂ ಬಿಟ್ಟ. ವಯಸ್ಸಾಯಿತು ಎಂದುಕೊಂಡು ಯಶೋಧಾ ಸುಮ್ಮನಿದ್ದಳು. ಒಳಗೊಳಗೇ ಅತ್ತಿದ್ದೂ ಉಂಟು.

ಹೀಗಿರುವಾಗ ಒಂದು ದಿನ ಅವನ ಖಾಕಿ ಅಂಗಿ ಒಗೆಯಲು ತೆಗೆದರೆ ಜೇಬಿನಲ್ಲಿ ಮಾತ್ರೆಯ ಹಾಳೆ ಸಿಕ್ಕಿತು. ಎರಡು ಮಾತ್ರೆ ಖಾಲಿಯಾಗಿದ್ದವು. ಹೆಸರನ್ನು ಮೊಬೈಲಿಗೆ ಹೊಡೆದಳು. ವಿಡಿಯೋದಲ್ಲಿ ಯಾರೋ ಡಾಕ್ಟರು ಕನ್ನಡದಲ್ಲೇ, ಬೀದಿಗೆಲ್ಲ ಕೇಳುವಂತೆ, “ಗಂಡಸರ ನಿಮಿರು ದೌರ್ಬಲ್ಯಕ್ಕೆ ಈ ಮಾತ್ರೆ” ಎಂದು ಶುರು ಮಾಡಿದರು. ಯಶೋಧಾ ಮೊಬೈಲನ್ನು ಸೆರಗಿನಲ್ಲಿ ಅವುಚಿಕೊಂಡು ಸದ್ದು ತಗ್ಗಿಸಿದಳು. ಎದೆನೋವಿಗೆ ನಾಲಿಗೆ ಕೆಳಗೆ ಮಾತ್ರೆ ಇಡುವವರು ಇದನ್ನು ಮುಟ್ಟಲೇಬಾರದು, ಎರಡೂ ಸೇರಿದರೆ ಜೀವಕ್ಕೆ ಅಪಾಯ ಎಂದೂ ಡಾಕ್ಟರು ಹೇಳಿದರು. ಅದು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆ ಅಷ್ಟರಲ್ಲಿ ತೀರ್ಥಹಳ್ಳಿ ಬಸ್ಸು ಹತ್ತಿಯಾಗಿತ್ತು.

ಯಾಕೆಂದರೆ ತೀರ್ಥಹಳ್ಳಿಯಲ್ಲಿ ಕನ್ನಮ್ಮನ ಮೆಸ್ ಇತ್ತು. ಗಂಡ ಸತ್ತವಳು, ಇವಳಿಗಿಂತ ಚಿಕ್ಕವಳು, ನಗುಮುಖದವಳು. ಡ್ರೈವರ್ ಕಂಡಕ್ಟರುಗಳೆಲ್ಲ ಮಧ್ಯಾಹ್ನ ಅಲ್ಲೇ ಊಟ ಮಾಡುತ್ತಿದ್ದರು. ಈಚೆಗೆ ರಾಜೇಂದ್ರ ಮನೆಯಲ್ಲಿ ಮೀನುಸಾರು ಕೂಡ ಬೇಡ ಅನ್ನುತ್ತಿದ್ದ, ಚಾಪೆಯನ್ನು ಜಗುಲಿಗೆ ಎಳೆದುಕೊಂಡಿದ್ದ. ಮನೆಯಲ್ಲಿ ಮೀನೂ ಬೇಡ, ಹೆಂಡತಿಯೂ ಬೇಡ, ಮಾತ್ರೆ ಮಾತ್ರ ಖಾಲಿಯಾಗುತ್ತಿದೆ! ಯಶೋಧಾಳ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಹಾಳೆಯನ್ನು ಇದ್ದಲ್ಲೇ ಇಟ್ಟಳು. ಮರುದಿನ ಬೆಳಿಗ್ಗೆ ನೋಡಿದರೆ ಇನ್ನೊಂದು ಖಾಲಿ. ಅಂಗಡಿಯ ಬಾಗಿಲು ಎಳೆದು, ಅವನ ಬಸ್ಸು ಬರುವ ಮೊದಲೇ ಬೇರೆ ಬಸ್ಸು ಹತ್ತಿದಳು.

ಮಧ್ಯಾಹ್ನ ಮೆಸ್ಸಿನ ಹೊರಗಿನ ಬೆಂಚುಗಳಲ್ಲಿ ಜನ ಉಣ್ಣುತ್ತಿದ್ದರು. ರಾಜೇಂದ್ರ ಅಲ್ಲಿರಲಿಲ್ಲ. ಒಳಗೆ, ಅಡುಗೆಮನೆಯ ಮೂಲೆಯಲ್ಲಿ ಒಬ್ಬನೇ ಕೂತಿದ್ದ. ಕನ್ನಮ್ಮ ಅವನ ತಟ್ಟೆಗೆ ಏನನ್ನೋ ಬಡಿಸುತ್ತ, “ಇನ್ನೊಂದು ಸೌಟು ಹಾಕ್ಕೊಳ್ಳಿ, ನಿಮಗೆ ಅಂತಲೇ ಮಾಡಿದ್ದು” ಅನ್ನುತ್ತಿದ್ದಳು. ಯಶೋಧಾಳಿಗೆ ಅಷ್ಟು ಸಾಕಾಯಿತು.

“ಓಹೋ, ಒಳಗೇ ಎಲೆ ಹಾಕೋವಷ್ಟು ಆಯ್ತಾ?”

ರಾಜೇಂದ್ರ ಗಾಬರಿಯಿಂದ ಎದ್ದ. ಎದ್ದವನು ಬೆವೆತ, ಎದೆ ಹಿಡಿದುಕೊಂಡು ಗೋಡೆಗೊರಗಿ ಕುಸಿದ. ಕಾಂತರಾಜ ಓಡಿ ಬಂದು ಬ್ಯಾಗಿನಿಂದ ಸಣ್ಣ ಮಾತ್ರೆ ತೆಗೆದು, “ಬಾಯಿ ತೆಗೀರಿ ಅಣ್ಣ” ಎಂದ.

ಆಗ ಮೊಬೈಲಿನ ಡಾಕ್ಟರು ಹೇಳಿದ್ದು ಯಶೋಧಾಳ ತಲೆಗೆ ಹೋಯಿತು. ಆದರೆ ನಾಲಿಗೆ ಏಳಲಿಲ್ಲ. ಬಾಗಿಲ ತುಂಬ ಡ್ರೈವರುಗಳು. ಹೇಳಿದರೆ ಗಂಡನ ಮಾನ ನಾಳೆಯೇ ಸಾಗರದವರೆಗೂ ಹೋಗುತ್ತದೆ. ಕನ್ನಮ್ಮನೇ ಹೇಳಲಿ, ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ, ಎಂದು ಅವಳ ಮುಖ ನೋಡಿದಳು. ಕನ್ನಮ್ಮ ಬೆಪ್ಪಾಗಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಯಶೋಧಾ ನುಗ್ಗಿ ಕಾಂತರಾಜನ ಕೈ ತಳ್ಳಿದಳು.

“ಇಡಬ್ಯಾಡಿ! ಇವ್ರು ಬೆಳಿಗ್ಗೆ ಆ ಗಂಡಸರ ಮಾತ್ರೆ ತಗಂಡಾರೆ. ಎರಡೂ ಸೇರಿದ್ರೆ ಜೀವ ಹೋಗ್ತದೆ. ಆಸ್ಪತ್ರೆಗೆ ನಡೀರಿ!”

ಯಾರೂ ನಗಲಿಲ್ಲ. ಯಾರದೋ ಕಾರಿನಲ್ಲಿ ಹಾಕಿಕೊಂಡು ಹೋದರು. ಆಸ್ಪತ್ರೆಯ ಬಾಗಿಲಲ್ಲೇ ಅವಳು ಡಾಕ್ಟರಿಗೆ ಅದನ್ನೇ ಇನ್ನೊಮ್ಮೆ ಹೇಳಿದಳು. ಸಂಜೆಯ ಹೊತ್ತಿಗೆ ನೋವು ಇಳಿಯಿತು. ಡಾಕ್ಟರ್ ಶ್ರಾವ್ಯಾ ಹಾಸಿಗೆಯ ಪಕ್ಕ ಕೂತು ಕೇಳಿದರು.

“ಈ ಮಾತ್ರೆ ಯಾರು ಬರೆದುಕೊಟ್ಟಿದ್ದು?”

“ಸಾಗರದ ಒಬ್ಬ ಡ್ರೈವರ್ ಕೊಟ್ಟ, ಮೇಡಂ.”

“ಬೆಳಿಗ್ಗೆ ಯಾಕೆ ತಗೊಂಡ್ರಿ? ಆಮೇಲೆ ಬಸ್ಸು ಬೇರೆ ಓಡಿಸಿದ್ದೀರಿ.”

“ಖಾಲಿ ಹೊಟ್ಟೆಗಲ್ವಾ ಮದ್ದು ತಗಳೋದು? ಪಥ್ಯನೂ ಮಾಡೀನಿ. ಮೀನು, ಖಾರ, ಉಪ್ಪು ಮುಟ್ಟಿಲ್ಲ, ಬರೀ ಸಪ್ಪೆ ಗಂಜಿ. ಮದ್ದು ಮುಗಿಯೋವರೆಗೆ ಹೆಂಡ್ತಿ ಹತ್ರನೂ ಹೋಗಂಗಿಲ್ಲ. ಯಾರಿಗಾದ್ರೂ ಹೇಳಿದ್ರೆ ಮದ್ದು ಹಿಡಿಯಲ್ಲ.”

ಅಜ್ಜನ ಕಾಲದಿಂದ ಅವರ ಮನೆಯಲ್ಲಿ ಕಾಮಾಲೆಗೂ ಸರ್ಪಸುತ್ತಿಗೂ ನಾಟಿ ಮದ್ದು ತಿಂದಿದ್ದು ಇದೇ ಕ್ರಮದಲ್ಲಿ. ಪಾಪದವನು ಅಂಗಡಿ ಮಾತ್ರೆಗೂ ಅದೇ ಕ್ರಮ ಹಿಡಿದಿದ್ದ. ಡಾಕ್ಟರ್ ನಗಲಿಲ್ಲ.

“ಇದು ಪಥ್ಯದ ಮದ್ದಲ್ಲ, ಹಂಚಿಕೊಳ್ಳೋ ಮಾತ್ರೆಯೂ ಅಲ್ಲ. ನಿಮ್ಮ ಎದೆಯ ಮಾತ್ರೆ ಇರೋವರೆಗೆ ನಿಮಗಿದು ಬೇಡವೇ ಬೇಡ. ಹಾಗಂತ ದಾರಿ ಮುಚ್ಚಿಲ್ಲ. ಈ ತೊಂದರೆಗೆ ಶುಗರ್ರೂ ಕಾರಣ, ಹೃದಯದ ರಕ್ತನಾಳವೂ ಕಾರಣ ಇರಬಹುದು. ಮೊದಲು ಹೃದಯದ ಡಾಕ್ಟರಿಗೆ ತೋರಿಸಿ, ನಾಚದೆ ಎಲ್ಲ ಹೇಳಿ. ಬೇರೆ ಚಿಕಿತ್ಸೆ ಇದೆ.”

ಡಾಕ್ಟರು ಹೋದ ಮೇಲೆ ಯಶೋಧಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಹೊಟ್ಟೆಯಲ್ಲಿ ಕೆಂಡ ಆರಿರಲಿಲ್ಲ.

“ಕನ್ನಮ್ಮನ ಹತ್ರ ಗಂಜಿ ಮಾಡಿಸ್ಕಂಡ್ರಿ. ನಾನು ಮಾಡ್ತಿರ್ಲಿಲ್ವಾ?”

“ನಂಗೆ ಹೊಟ್ಟೆ ಸರಿ ಇಲ್ಲ ಅಂತ ಅವಳಿಗೆ ಹೇಳಿದ್ದೆ ಮಾರಾಯ್ತಿ. ನಿಂಗೆ ಹೇಳಿ, ಆಮೇಲೂ ಆಗದಿದ್ರೆ ನಿನ್ನ ಮುಖ ಹೆಂಗೆ ನೋಡ್ಲಿ?”

“ಆಗ್ಲಿಲ್ಲ ಅಂತ ನಾನ್ಯಾವತ್ತು ಅತ್ತೆ? ನನ್ನತ್ರ ಮಾತಾಡೋದೇ ಬಿಟ್ರಲ್ಲ, ಅದಕ್ಕೆ ಅತ್ತಿದ್ದು,” ಎಂದಳು. ಅವನು ಅವಳ ಕೈ ಹಿಡಿದುಕೊಂಡ.

ಅಷ್ಟರಲ್ಲಿ ಕನ್ನಮ್ಮ ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಳು. ಅವಳ ಹಿಂದೆಯೇ ನರ್ಸ್ ಬಂದು, “ಇವರ ಕಡೆಯವರು ಯಾರು? ದಿನಾ ತಗೊಳ್ಳೋ ಮಾತ್ರೆ ಎಲ್ಲ ಹೇಳಬೇಕು” ಎಂದಳು. ಕನ್ನಮ್ಮ ಕಾಂತರಾಜನನ್ನು ಕರೆಯಲು ಹೊರಟಳು.

“ಕಾಂತರಾಜ ಎಂತಕ್ಕೆ?” ಯಶೋಧಾ ಎದ್ದು ನಿಂತಳು. “ಹೆಂಡ್ತಿ ನಾನು ಇದೀನಿ. ಶುಗರಿಂದು, ಎದೆದು, ಆ ಇನ್ನೊಂದು, ಒಂದೂ ಬಿಡದೆ ಹೇಳ್ತೀನಿ, ಬರ್ಕಳಿ.”