ಮುದಿ ಇಲಿಗಳ ಮಾಳಮ್ಮ

ಬೆಳಗಿನ ಆರು ಗಂಟೆ. ಹಡಗಲಿಯ ಕಾಲೇಜೊಂದರ ಹಿಂಬದಿಯ ಕೋಣೆಯಲ್ಲಿ ಮಾಳಮ್ಮ ಬಿಳಿ ಇಲಿಯೊಂದನ್ನು ಪಂಜರದಿಂದೆತ್ತಿ ತಕ್ಕಡಿಗೆ ಇಳಿಸುತ್ತಾರೆ. "ಸುಮ್ನ ಕುಂದರ್ಲೇ ಮುದುಕ. ತೂಕ ಮಾಡಾಕತ್ತೀನಿ, ಮಾರಾಕಲ್ಲ," ಎಂದು ಗದರುತ್ತಾರೆ. ಮುದುಕ ಸುಮ್ಮನಾಗುತ್ತಾನೆ.

ಐವತ್ತೆರಡರ ಮಾಳಮ್ಮ ಹಿರೇಹಡಗಲಿಯಿಂದ ಮೊದಲ ಬಸ್ಸಿಗೆ ಬರುತ್ತಾರೆ. ಓದಿದ್ದು ನಾಲ್ಕನೇ ತರಗತಿ. ಗಂಡ ತೀರಿಕೊಂಡ ಮೇಲೆ ಕಸ ಗುಡಿಸಲು ಸೇರಿದವರಿಗೆ, ಪ್ರಾಣಿಶಾಸ್ತ್ರದ ಉಪನ್ಯಾಸಕಿ ಯಶೋಧರಾ ಇಪ್ಪತ್ತೆರಡು ತಿಂಗಳ ಹಿಂದೆ ಈ ಕೋಣೆಯ ಬೀಗದ ಕೈ ಕೊಟ್ಟರು. ಕತ್ತಲಾದಾಗ ಮೆದುಳಿನಲ್ಲಿ ಒಸರುವ ಮೆಲಟೋನಿನ್ ಎಂಬ ಹಾರ್ಮೋನು ವಯಸ್ಸಾದಂತೆ ಕಡಿಮೆಯಾಗುತ್ತದೆ. ಅದನ್ನು ದೀರ್ಘಕಾಲ ಕುಡಿಸಿದರೆ ಮುಪ್ಪು ತಡವಾದೀತೆ ಎಂಬುದು ಯಶೋಧರಾ ಅವರ ಸಂಶೋಧನೆ. ಸಂಜೆಗೆ ಅರ್ಧ ಇಲಿಗಳಿಗೆ ಮದ್ದಿನ ನೀರು, ಅರ್ಧಕ್ಕೆ ಬರೀ ನೀರು. ನಲವತ್ತೆಂಟರಲ್ಲಿ ಈಗ ಉಳಿದಿರುವುದು ಮೂವತ್ತೊಂದು. ಸತ್ತ ಒಂದೊಂದರ ದಿನ, ತೂಕ ಎಲ್ಲವೂ ಮಾಳಮ್ಮನ ದುಂಡನೆಯ ಅಕ್ಷರದಲ್ಲಿದೆ.

ಕಳೆದ ಬೇಸಿಗೆಯಲ್ಲಿ ಮದ್ದಿನ ನೀರು ಕುಡಿಯುತ್ತಿದ್ದ ಒಂದು ಸಾಲಿನ ಆರು ಇಲಿಗಳು ಮೈತುಂಬಿಕೊಂಡವು, ಕೂದಲು ಮಿಂಚಿತು. ಮದ್ದು ಹಿಡಿಯಿತೆಂದು ಯಶೋಧರಾ ಹಿಗ್ಗಿದರು, ಪ್ರಬಂಧ ಬರೆಯಲೂ ಕುಳಿತರು. ಮಾಳಮ್ಮನಿಗೆ ಮಾತ್ರ ಎರಡು ದಿನ ಊಟ ಸೇರಲಿಲ್ಲ. ಆ ಆರೂ ಗಟ್ಟಿ ಕಾಳು ಕಡಿಯಲಾರದೆ ಇವರ ಬುತ್ತಿಯನ್ನೇ ನೋಡುತ್ತಿದ್ದವು. ಮಾಳಮ್ಮ ಯಾರಿಗೂ ಹೇಳದೆ ಅವಕ್ಕೆ ಜೋಳದ ರೊಟ್ಟಿ ನೆನೆಸಿ ಹಾಕುತ್ತ ಬಂದಿದ್ದರು.

"ಹಸಿದ ಮುದುಕರನ್ನ ಎದುರಿಗೆ ಕುಂದರ್ಸಿಕೊಂಡು ನಾ ಒಬ್ಬಾಕಿನ ಹೆಂಗ ಉಣ್ಲಿ ಹೇಳ್ರಿ," ಎನ್ನುತ್ತಾರೆ.

ಮೂರನೆಯ ದಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೇಳಿಯೇಬಿಟ್ಟರು: "ಅದು ಮದ್ದಲ್ರಿ ಮೇಡಮ್ಮಾರ, ರೊಟ್ಟಿ."

ಯಶೋಧರಾ ಅಂದು ಪಾಠಕ್ಕೂ ಹೋಗಲಿಲ್ಲ. ಅಷ್ಟು ದಿನದ ದುಡಿಮೆಯೇ ಹೋಯಿತೆಂದುಕೊಂಡಿದ್ದರಂತೆ. ಸಂಜೆ ಆ ಆರು ಇಲಿಗಳನ್ನು ಲೆಕ್ಕದಿಂದ ಕೈಬಿಟ್ಟು, ಬೀಗದ ಕೈಯನ್ನು ಮಾಳಮ್ಮನತ್ತ ಸರಿಸಿದರು. "ನಾಳಿ ಆರಕ್ಕ ಬರ್ರಿ," ಎಂದರು. ಅಷ್ಟೇ.

ಅಂದಿನಿಂದ ಮಾಳಮ್ಮನ ಬುತ್ತಿ ಕೋಣೆಯ ಹೊರಗೇ ಬಿಚ್ಚಿಕೊಳ್ಳುತ್ತದೆ. ಮದ್ದು ಯಾವ ಬಾಟಲಿಯಲ್ಲಿದೆ ಎಂಬುದನ್ನು ಅವರು ಕೇಳುವುದೂ ಇಲ್ಲ. "ಗೊತ್ತಾದ್ರ ಕೈ ಒಂದ್ ಕಡಿ ವಾಲತೈತ್ರಿ."

ಪ್ರಬಂಧದಲ್ಲಿ ತಮ್ಮ ಹೆಸರು ಬರಬೇಕೆಂಬ ಆಸೆಯಿದೆಯೇ ಎಂದು ನಾನು ಸಂಕೋಚದಿಂದಲೇ ಕೇಳುತ್ತೇನೆ. ಮಾಳಮ್ಮ ಮುದುಕನನ್ನು ಪಂಜರಕ್ಕೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಹೆಸರು ಬ್ಯಾಡ್ರಿ. ಆ ಆರನ್ನ ಯಾಕ ಬಿಟ್ರು ಅನ್ನೋದು ಮಾತ್ರ ಬರೀಲಿ. ರೊಟ್ಟಿ ಹಾಕಿದಾಕಿ ತಾನ ಬಂದು ಹೇಳಿದ್ಲು ಅಂತ."