ಎಕ್ಕಡದ ಬಂಡೆಯಾಚೆಗೆ ಬೈರಣ್ಣನ ಪಿಕಪ್ಪು

ಕೋಣನಕುಂಟೆಯ ಬೈರಣ್ಣನಿಂದ ಹೊಸದೊಂದು ವಸ್ತು ಕೊಳ್ಳಿಸುವುದು ಯಾರ ಕೈಲೂ ಆಗದ ಮಾತು. ಅಂಗಿಯ ತೋಳು ಹರಿದರೆ ಮಡಚಿಕೊಳ್ಳುತ್ತಾನೆ, ಕಾಲರ್ ಹರಿದರೆ ಟವೆಲ್ ಹೊದ್ದುಕೊಳ್ಳುತ್ತಾನೆ. ಅವನ ಛತ್ರಿಯ ಕಡ್ಡಿಗಳಿಗೆ ತಂತಿ ಸುತ್ತಿ ಸುತ್ತಿ, ಈಗ ಅದರಲ್ಲಿ ಛತ್ರಿಗಿಂತ ತಂತಿಯೇ ಹೆಚ್ಚಾಗಿದೆ. ಅಂಥ ಮನುಷ್ಯ, ಇನ್ನೂ ಒಂದು ವರ್ಷ ಧಾರಾಳವಾಗಿ ಓಡಬಹುದಾದ ಟೈರುಗಳನ್ನು ಕಳಚಿಸಿ ಪಿಕಪ್ಪಿಗೆ ಹೊಸ ಟೈರು ಹಾಕಿಸುತ್ತೇನೆ ಎಂದಾಗ ಮನೆಯವರು ಮುಖ ಮುಖ ನೋಡಿಕೊಂಡರು. ಅದೂ ಎಂಥ ಟೈರು? ಟಾರು, ಕೆಸರು, ಕಲ್ಲು, ಜಲ್ಲಿ, ಎಲ್ಲದರ ಮೇಲೂ ಹೋಗುವ ಆಲ್ ಟೆರೇನ್ ಟೈರು.

"ಅಪ್ಪ, ಬಿಟಿಎಂ ಲೇಔಟಲ್ಲಿ ಫ್ರಿಜ್ ಇಳ್ಸಕ್ಕೆ ಕಾಡಲ್ಲಿ ಓಡೋ ಟೈರ್ ಯಾಕೆ?" ಎಂದ ಮಗ ದಿನೇಶ. "ಲಡಾಖಿಗೆ ಯಾರಾದ್ರೂ ಮನೆ ಶಿಫ್ಟ್ ಮಾಡ್ತಿದಾರಾ?"

"ಸಿಮೆಂಟು ಇಳ್ಸೋ ಸೈಟುಗಳ ಹತ್ರ ಕೆಸರಿರುತ್ತೆ ಕಣೋ. ನಿಂಗೊತ್ತಾಗಲ್ಲ."

"ಯಾವ ಸೈಟು?"

ಸರಿಯಾಗಿ ಅದೇ ಹೊತ್ತಿಗೆ ಬೈರಣ್ಣನಿಗೆ ಕಿವಿ ಮಂದವಾಯಿತು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ದಿನೇಶ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬೈರಣ್ಣ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾನೆ. ಪಿಕಪ್ಪು ಇರುವುದು ಆ ಮನೆಗಳಿಗೆ ಬರುವವರ ಮಂಚ, ಬೀರು, ಗ್ಯಾಸ್ ಸಿಲಿಂಡರುಗಳನ್ನು ತರುವುದಕ್ಕೆ. ಬಿಟ್ಟು ಹೋಗುವವರ ಸಾಮಾನನ್ನೂ ಅವನೇ ಸಾಗಿಸುತ್ತಾನೆ. ಬರೀ ಇಳಿಸಿ ಬರುವವನಲ್ಲ. ಅವರ ಹೊಸ ಮನೆಯ ನಲ್ಲಿ ತಿರುಗಿಸಿ ನೋಡಿ, "ನೀರು ಸಣ್ಣಕ್ಕೆ ಬರ್ತಿದೆ, ಓನರ್‌ಗೆ ಹೇಳಿ" ಎಂದು ಎಚ್ಚರಿಸಿ, ಅವರು ಕೊಟ್ಟ ಕಾಫಿ ಕುಡಿದೇ ವಾಪಸಾಗುವುದು. ಹೀಗೆ ಬನಶಂಕರಿ, ಜೆ.ಪಿ. ನಗರ, ಯಡಿಯೂರು ಎಂದು ತಿರುಗುವ ಗಾಡಿ ಟಾರು ರಸ್ತೆ ಬಿಟ್ಟು ಕೆಳಗಿಳಿದದ್ದೇ ಅಪರೂಪ.

ಕೆಸರಿನ ಸೈಟು ಎಂಬುದು ಶುದ್ಧ ಸುಳ್ಳು. ನಿಜವಾದ ಕಾರಣ ತಲಘಟ್ಟಪುರದಾಚೆಗಿನ ಮುನೇಶ್ವರನ ಗುಡ್ಡದಲ್ಲಿತ್ತು.

ಅವರೆಕಾಯಿ ಬರುವ ಕಾಲಕ್ಕೆ ಬೈರಣ್ಣನ ಮನೆತನದವರೆಲ್ಲ ಒಂದು ಭಾನುವಾರ ಆ ಗುಡ್ಡಕ್ಕೆ ಹೋಗುತ್ತಾರೆ. ಮೇಲೆ ಮುನೇಶ್ವರನ ಕಲ್ಲು, ಅದರ ಮುಂದೆ ಮೂರು ಕಲ್ಲಿನ ಒಲೆ. ಅಲ್ಲೇ ಅಡುಗೆ ಮಾಡಿ, ಮೊದಲ ಎಡೆಯನ್ನು ಹಿರಿಯ ಸೊಸೆ ಇಟ್ಟ ಮೇಲೆ ಉಳಿದವರ ಊಟ. ಗುಡ್ಡದ ಬುಡದಲ್ಲಿ ಚಪ್ಪಟೆಯಾದ ದೊಡ್ಡ ಬಂಡೆಯೊಂದಿದೆ. ಎಕ್ಕಡದ ಬಂಡೆ ಎಂದೇ ಅದರ ಹೆಸರು. ಎಂಥ ದೊಡ್ಡ ಮನುಷ್ಯನೇ ಬರಲಿ, ಎಕ್ಕಡವೋ ಚಪ್ಪಲಿಯೋ ಶೂವೋ ಅಲ್ಲಿ ಬಿಟ್ಟು ಬರಿಗಾಲಲ್ಲಿ ಹತ್ತಬೇಕು.

ಹಿರಿಯ ಸೊಸೆಯೆಂದರೆ ಬೈರಣ್ಣನ ಹೆಂಡತಿ ನಾರಾಯಣಮ್ಮ. ಮದುವೆಯಾಗಿ ಬಂದ ವರ್ಷದಿಂದ ಎಡೆ ಇಡುತ್ತಿದ್ದವಳು ಅವಳೇ. ಆದರೆ ಮಂಡಿನೋವು ಹೆಚ್ಚಾಗಿ ಮೂರು ವರ್ಷದಿಂದ ಅವಳಿಗೆ ಹತ್ತಲು ಆಗುತ್ತಿಲ್ಲ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಹೋಗುತ್ತೇವೆ ಎಂದು ದಿನೇಶ ಹೇಳಿದಾಗ ಚೆನ್ನಾಗಿ ಬೈಸಿಕೊಂಡ. "ನಾಲ್ಕು ಜನ ಹೊತ್ಕೊಂಡ್ ಹೋಗೋ ದಿನ ಬಂದೇ ಬರುತ್ತೆ, ಈಗ್ಲೇ ಯಾಕೆ ಅವಸರ?" ಎಂದಳು. ಹಾಗಾಗಿ ಎಲ್ಲರೂ ಚಪ್ಪಲಿ ಬಿಟ್ಟು ಮೇಲಕ್ಕೆ ಹೋದರೆ, ಇವಳು ಬಂಡೆಯ ಮೇಲೆ ಕೂತು ಆ ಚಪ್ಪಲಿಗಳನ್ನು ಕಾಯುತ್ತಿದ್ದಳು. ಮೇಲಿನಿಂದ ಡಬ್ಬಿಯಲ್ಲಿ ಊಟ ಇಳಿದು ಬರುತ್ತಿತ್ತು. ಒಂದು ತುತ್ತು ತಿಂದು, "ನನ್ನ ವಾರಗಿತ್ತಿ ಈ ಸಲಾನೂ ಉಪ್ಪು ಜಾಸ್ತಿ ಮಾಡವ್ಳೆ" ಎಂದು ನಗುತ್ತಿದ್ದಳು. ಬೈರಣ್ಣನಿಗೆ ಆ ನಗು ನೋಡಲಾಗುತ್ತಿರಲಿಲ್ಲ. ಎಡೆ ಇಡುತ್ತಿದ್ದ ಕೈ ಚಪ್ಪಲಿ ಕಾಯುವುದಕ್ಕೆ ಬಂತಲ್ಲ ಎಂದು ಮುಖ ತಿರುಗಿಸಿಕೊಳ್ಳುತ್ತಿದ್ದ.

ಈ ಸಲ ಅವಳನ್ನು ಗಾಡಿಯಲ್ಲೇ ಮೇಲಕ್ಕೆ ಕರೆದುಕೊಂಡು ಹೋಗಬೇಕೆಂದು ಅವನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ. ಹಿಂದೆ ಮುನೇಶ್ವರನ ಮುಂದೆ ಹಾಸುವ ಚಪ್ಪಡಿ ಕಲ್ಲು ಹೊತ್ತು ಎತ್ತಿನಗಾಡಿ ಹತ್ತಿದ್ದ ಜಾಡು ಇನ್ನೂ ಇತ್ತು. ಮಳೆ ನಿಂತ ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಖಾಲಿ ಪಿಕಪ್ಪಿನಲ್ಲಿ ಒಬ್ಬನೇ ಹೋಗಿ ನೋಡಿದ. ಮೊದಲ ತಿರುವಿನಲ್ಲೇ ಹಿಂದಿನ ಚಕ್ರಗಳು ಕೆಂಪು ಕೆಸರಿನಲ್ಲಿ ಸುಮ್ಮನೆ ಸುತ್ತಿದವೇ ಹೊರತು ಗಾಡಿ ಗೇಣುದ್ದ ಮುಂದೆ ಹೋಗಲಿಲ್ಲ. ರಿವರ್ಸಿನಲ್ಲಿ ಜಾರಿಕೊಂಡು ಕೆಳಗಿಳಿಯುವಷ್ಟರಲ್ಲಿ ಬೈರಣ್ಣನ ಜೀವ ಬಾಯಿಗೆ ಬಂದಿತ್ತು. ಟೈರಿನ ಯೋಚನೆ ಹುಟ್ಟಿದ್ದು ಆಗಲೇ.

ಬನಶಂಕರಿಯಲ್ಲಿ ಶಶಿಕಾಂತನ ಟೈರ್ ಅಂಗಡಿ. ತಿಪಟೂರು ಕಡೆಯಿಂದ ಬಂದವನು, ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಸದಾ ಮಾತು. ಅವನ ಅಂಗಡಿಗೆ ಬೈರಣ್ಣ ಎಷ್ಟು ಸಲ ಹೋದನೆಂದರೆ ಎದುರಿನ ಟೀ ಅಂಗಡಿಯವನು ಅವನನ್ನು ಕಂಡ ಕೂಡಲೇ ಎರಡು ಟೀ ಕಳಿಸತೊಡಗಿದ. ಒಂದೊಂದು ಟೈರನ್ನೂ ಗಿಣ್ಣಿನಿಂದ ತಟ್ಟಿ, ಹಲ್ಲಿನ ಸಂದಿಗೆ ಬೆರಳು ತೂರಿಸಿ, ಎತ್ತು ಕೊಳ್ಳಲು ಬಂದವನ ಹಾಗೆ ಸುತ್ತು ಹಾಕಿ ನೋಡುತ್ತಿದ್ದ. ಕೊನೆಗೆ ಎಲ್ಲಕ್ಕಿಂತ ದಪ್ಪ ಹಲ್ಲಿನ ಟೈರೊಂದರ ಮುಂದೆ ನಿಂತ.

"ಇದೇ ಕೊಡಪ್ಪ. ಇದು ಯಾವ ಕೆಸರಿಗೂ ಬಗ್ಗಲ್ಲ."

"ಯಜಮಾನ್ರೇ, ಅದು ಬರೀ ಕೆಸರಿಗೆ ಅಂತಾನೇ ಇರೋ ಟೈರು. ಟಾರ್ ರೋಡಲ್ಲಿ ಹೋದ್ರೆ ಗುಂಯ್ ಅಂತ ತಲೆ ತಿನ್ನುತ್ತೆ, ಬೇಗ ಸವೆಯುತ್ತೆ. ನಿಮ್ಮ ಗಾಡಿ ಟಾರಲ್ಲಿ ಎಷ್ಟು ಓಡುತ್ತೆ, ಮಣ್ಣಲ್ಲಿ ಎಷ್ಟು ಓಡುತ್ತೆ, ಅದನ್ನ ನಿಜ ಹೇಳಿ."

ಬೈರಣ್ಣ ಟೀ ಲೋಟದೊಳಗೆ ನೋಡಿದ. "ವರ್ಷವೆಲ್ಲ ಟಾರೇ. ಒಂದು ದಿನ ಗುಡ್ಡ ಹತ್ತಬೇಕು."

"ಒಂದು ದಿನಕ್ಕಾ?"

"ನಮ್ಮನೆಯವ್ಳಿಗೆ ಮಂಡಿ ಹಿಡ್ಕೊಂಡದೆ ಕಣಪ್ಪ. ಅವ್ಳು ದೇವರ ಗುಡ್ಡ ಹತ್ತಿ ಮೂರ್ ವರ್ಷ ಆಯ್ತು."

 ಶಶಿಕಾಂತ ಆ ದಪ್ಪ ಹಲ್ಲಿನ ಟೈರನ್ನು ತಾನೇ ಉರುಳಿಸಿಕೊಂಡು ಹೋಗಿ ಗೋಡೆಗೆ ಒರಗಿಸಿ, ಇನ್ನೊಂದನ್ನು ತಂದ. "ಇದು ಆಲ್ ಟೆರೇನ್. ಟಾರಲ್ಲೂ ಸದ್ದು ಕಮ್ಮಿ, ಮಣ್ಣಲ್ಲೂ ಹಿಡಿಯುತ್ತೆ. ಗಾಡಿ ಲೋಡ್ ಕೂಡ ತಡ್ಕೊಳುತ್ತೆ. ಗುಡ್ಡದ ಬುಡಕ್ಕೆ ಹೋದ್ಮೇಲೆ ಗಾಳಿ ಸ್ವಲ್ಪ ಇಳಿಸಿ. ಹಿಂದೆ ಭಾರ ಇರ್ಲಿ, ಖಾಲಿ ಗಾಡಿ ಹತ್ತಿಸ್ಬೇಡಿ. ಅಮ್ಮಾವ್ರ ಮಂಡಿಗೂ ಕುಲುಕಾಟ ಕಮ್ಮಿ ಆಗುತ್ತೆ."

ಆ ಕೊನೆಯ ಮಾತಿಗೆ ಬೈರಣ್ಣ ಸೋತುಹೋದ. ಅಲ್ಲಿಯವರೆಗೆ ಎಲ್ಲ ಟೈರಿನಲ್ಲೂ ಕೊಂಕು ಹುಡುಕುತ್ತಿದ್ದವನು ಈಗ ತಲೆಯಾಡಿಸಿದ.

ಹೊಸ ಟೈರುಗಳ ಕೆಳಗೆ ನಿಂಬೆಹಣ್ಣಿಟ್ಟು ಪೂಜೆಯಾಯಿತು. ಅಂದೇ ಪಿಕಪ್ಪಿನ ಮುಂದಿನ ಸೀಟಿಗೆ ಹೂವಿನ ಚಿತ್ತಾರದ ಮೆತ್ತನೆಯ ದಿಂಬೂ ಬಂತು. ಸಿಮೆಂಟು ಮೂಟೆಗೆ ದಿಂಬು ಯಾಕೆ ಎಂದು ಯಾರೂ ಕೇಳಲಿಲ್ಲ. ನಾರಾಯಣಮ್ಮ ಮಾತ್ರ ಆ ದಿಂಬನ್ನೂ ಗಂಡನ ಮುಖವನ್ನೂ ಒಮ್ಮೆ ನೋಡಿ ಒಳಗೆ ಹೋದಳು.

ಆ ಭಾನುವಾರಕ್ಕೆ ಸರಿಯಾಗಿ ಚಂಡಮಾರುತದ ಮಳೆ ಬಂದು ಹೋಗಿತ್ತು. ಗುಡ್ಡದ ದಾರಿ ಮೆತ್ತಗಾಗಿತ್ತು. ನೆಂಟರಿಷ್ಟರೆಲ್ಲ ಬಂಡೆಯ ಮೇಲೆ ಚಪ್ಪಲಿ ಬಿಡುತ್ತಿದ್ದರು. ನಾರಾಯಣಮ್ಮ ಅಭ್ಯಾಸದಂತೆ ಬಂಡೆಯ ಕಡೆಗೆಂದು ಗಾಡಿಯಿಂದ ಇಳಿಯಹೊರಟಾಗ ಬೈರಣ್ಣ, "ಇವಳೇ, ಇಳೀಬೇಡ, ಕೂತ್ಕೋ. ಮೇಲಕ್ಕೆ ಗಾಡೀಲೇ ಹೋಗ್ತಿದ್ದೀವಿ" ಎಂದ. ಟೈರಿನ ಗಾಳಿ ಇಳಿಸಿದ. ಭಾರಕ್ಕೆಂದು ಪಾತ್ರೆ, ಸೌದೆ, ನೀರಿನ ಕ್ಯಾನುಗಳನ್ನೆಲ್ಲ ಹಿಂದೆ ಹೇರಿಸಿದ. ತನ್ನ ಚಪ್ಪಲಿಯನ್ನು ಬಂಡೆಯ ಮೇಲೆ ಬಿಟ್ಟು ಬರಿಗಾಲಲ್ಲೇ ಗಾಡಿ ಹತ್ತಿ ಕೂತ. ಇನ್ನು ಯಾವ ಕೊರತೆಯೂ ಇಲ್ಲ ಎಂದುಕೊಂಡು ಗೇರ್ ಹಾಕಿದ.

ಆಗ ಮುಂದೆ ಬಂದು ಅಡ್ಡ ನಿಂತವನು ಯಲ್ಲಯ್ಯ. ಮುನೇಶ್ವರನ ಪೂಜಾರಿ, ಬೈರಣ್ಣನ ಓರಗೆಯವನು.

"ನೀನೇನೋ ಚಪ್ಪಲಿ ಬಿಟ್ಟೆ, ಸರಿ. ಗಾಡಿ ಮೆಟ್ಕೊಂಡಿರೋದು?"

ಬೈರಣ್ಣ ನಕ್ಕ. ಯಲ್ಲಯ್ಯ ನಗಲಿಲ್ಲ.

"ನಮ್ಮಪ್ಪ ಮೆಟ್ತಾ ಇದ್ದ ಎಕ್ಕಡ ಹಳೇ ಲಾರಿ ಟೈರಿಂದು. ಅದನ್ನ ಇಲ್ಲೇ ಬಿಟ್ಟು ಹತ್ತುತಿದ್ದ. ಅಂಗಾಲಗಲ ಟೈರಿನ ತುಂಡೇ ಮೇಲಕ್ಕೆ ಹೋಗಂಗಿಲ್ಲ ಅಂದ್ಮೇಲೆ, ಇಡೀ ಟೈರು, ಅದೂ ನಾಲ್ಕು, ಹೆಂಗೆ ಹೋಗುತ್ತೆ ಹೇಳು?"

"ಎತ್ತಿನಗಾಡಿ ಹೋಗಿರ್ಲಿಲ್ವಾ? ಮೇಲಿನ ಚಪ್ಪಡಿ ಕಲ್ಲು ಹಾರ್ಕೊಂಡ್ ಹೋಯ್ತಾ?"

"ಹೋಗಿತ್ತು. ಎತ್ತಿನ ಲಾಳ ಕಿತ್ತು ಹತ್ತಿಸಿದ್ರು ಅಂತ ನಮ್ಮಜ್ಜ ಹೇಳ್ತಿತ್ತು." ಯಲ್ಲಯ್ಯ ಟೈರಿನ ಹಲ್ಲನ್ನು ನೋಡಿ ತಲೆಯೆತ್ತಿದ. "ಮಳೆಗಾಲದಲ್ಲಿ ಮೊದಲ್ನೇ ತಿರುವಲ್ಲಿ ಯಾರೋ ಗಾಡಿ ಜಾರಿಸಿದ್ರು. ಅದೂ ನೀನೇ ತಾನೆ?"

ಬೈರಣ್ಣ ಸ್ಟೀರಿಂಗ್ ಮೇಲಿನ ಧೂಳು ಒರೆಸಿದ. ವಾರಗಟ್ಟಲೆ ಹಲ್ಲು ನೋಡಿದ್ದ, ಸದ್ದು ಕೇಳಿದ್ದ, ಭಾರ ವಿಚಾರಿಸಿದ್ದ. ಈ ಒಂದು ವಿಷಯ ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ. ಸುತ್ತ ನಿಂತವರಲ್ಲಿ ಅರ್ಧ ಜನ ಯಲ್ಲಯ್ಯನ ಕಡೆ, ಅರ್ಧ ಜನ ಇವನ ಕಡೆ ಆಗಿ ಗಲಾಟೆ ಎದ್ದಿತು. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದ ಸದ್ದಾಯಿತು.

"ಇರ್ಲಿ ಬಿಡಿ," ಎಂದಳು ನಾರಾಯಣಮ್ಮ. "ನಾನಿಲ್ಲೇ ಕೂತಿರ್ತೀನಿ. ಹೆಂಗೂ ಚಪ್ಪಲಿ ನೋಡ್ಕೋಬೇಕಲ್ಲ."

ಬೈರಣ್ಣನಿಗೆ ತಡೆಯಲಾಗಲಿಲ್ಲ. "ನೀನು ಇಳೀಕೂಡ್ದು!" ಎಂದು ಕೂಗಿಬಿಟ್ಟ. ಆಮೇಲೆ ನೆಂಟರ ಕಡೆ ತಿರುಗಿ, "ಮೂರ್ ವರ್ಷದಿಂದ ನಿಮ್ಮೆಲ್ಲರ ಚಪ್ಪಲಿ ಕಾಯ್ತಾ ಕೂತವ್ಳೆ. ಈ ಟೈರು ಸೈಟಿಗಲ್ಲ, ಸಿಮೆಂಟಿಗಲ್ಲ. ಇವ್ಳಿಗೋಸ್ಕರ ಹಾಕ್ಸಿದ್ದು" ಎಂದ.  ದಿನೇಶ ತಲೆ ತಗ್ಗಿಸಿದ. ಗಲಾಟೆ ನಿಂತಿತು.

ನಾರಾಯಣಮ್ಮ ಗಂಡನ ಕಡೆ ನೋಡಿದಳು. ಆಮೇಲೆ ಸೀಟಿನಲ್ಲಿ ಹಿಂದಕ್ಕೆ ಸರಿದು ಕೂತು ಕೇಳಿದಳು:

"ಯಲ್ಲಯ್ಯ, ಚಪ್ಪಲಿ ಬಿಟ್ಟ ಮೇಲೂ ನೀನು ನಡೀತೀಯಲ್ಲ?"

"ನಡೀತೀನಿ."

"ಟೈರು ಬಿಚ್ಚಿದ್ರೆ ಗಾಡಿ ನಡೆಯುತ್ತಾ?"

"ಅದೆಂಗೆ ನಡೆಯುತ್ತಕ್ಕ?"

"ಹಂಗಾದ್ರೆ ಅದು ಗಾಡಿ ಮೆಟ್ಟಿರೋ ಎಕ್ಕಡ ಹೆಂಗಾಯ್ತು? ಅದರ ಕಾಲು ಅದು. ಕಾಲು ತೊಳ್ಕೊಂಡು ದೇವರ ಹತ್ರ ಹೋಗ್ಬೋದಲ್ವಾ?"

ಯಲ್ಲಯ್ಯ ಗಡ್ಡ ಕೆರೆದುಕೊಂಡ, ಗುಡ್ಡದ ಕಡೆ ನೋಡಿದ, ಬಂಡೆಯ ಕಡೆ ನೋಡಿದ. "ತೊಳೀಲಿ," ಎಂದ ಕೊನೆಗೆ. "ಆದ್ರೆ ಸಂದಿಲಿ ಒಂದು ಚೂರು ರೋಡಿನ ಮಣ್ಣು ಇರ್ಬಾರ್ದು."

ದಪ್ಪ ಹಲ್ಲು ಬೇಕು, ಆಳವಾದ ಸಂದಿ ಬೇಕು ಎಂದು ಹಟ ಹಿಡಿದಿದ್ದ ಬೈರಣ್ಣನಿಗೆ ಅದರ ಫಲ ಈಗ ಸಿಕ್ಕಿತು. ಶಶಿಕಾಂತ ಕೊಟ್ಟ ಟೈರಿನ ಸಂದಿಗಳೂ ಕಡಿಮೆ ಆಳದವಲ್ಲ, ಅವುಗಳಲ್ಲಿ ಕನಕಪುರ ರಸ್ತೆಯ ಮಣ್ಣೆಲ್ಲ ಬಂದು ಕೂತಿತ್ತು. ಪಂಚೆ ಎತ್ತಿ ಕಟ್ಟಿ, ಕುಕ್ಕರುಗಾಲಲ್ಲಿ ಕೂತು, ಕಡ್ಡಿಯಿಂದ ಒಂದೊಂದೇ ಸಂದಿ ಕೆದಕಿ ನೀರು ಹಾಕಿದ. ಮುಂದೆ ಗೋಣಿಚೀಲ ಹಾಸಿ, ಗಾಡಿಯನ್ನು ಅರ್ಧ ಸುತ್ತು ಉರುಳಿಸಿ, ನೆಲಕ್ಕೆ ತಾಗಿದ್ದ ಭಾಗವನ್ನೂ ತೊಳೆದ. ದಿನೇಶ ಕೆಳಗಿನ ತೊಟ್ಟಿಯಿಂದ ಕೊಡಗಟ್ಟಲೆ ನೀರು ತಂದ. ಸ್ವಲ್ಪ ಹೊತ್ತು ಕಾವಲುಗಾರನಂತೆ ನಿಂತಿದ್ದ ಯಲ್ಲಯ್ಯನಿಗೂ ಮನಸ್ಸು ತಡೆಯಲಿಲ್ಲ. ಒಂದು ಕಡ್ಡಿ ಮುರಿದುಕೊಂಡು ಹಿಂದಿನ ಟೈರಿನ ಪಕ್ಕ ಅವನೂ ಕೂತ.

"ಎಂಥಾ ಟೈರು ತಂದೆ ಮಾರಾಯ. ಮುನೇಶ್ವರನ ಕೋರೆಹಲ್ಲು ಇದಕ್ಕಿಂತ ಚಿಕ್ಕದು," ಎಂದು ಗೊಣಗಿದ.

ಒಳಗೆ ಕೂತಿದ್ದ ನಾರಾಯಣಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮೂರು ವರ್ಷದಲ್ಲಿ ಬೈರಣ್ಣನಿಗೆ ನೋಡಲು ಹಿತವೆನಿಸಿದ ಮೊದಲ ನಗು ಅದು. ಟೈರುಗಳಿಗೆಲ್ಲ ಅರಿಶಿನ ಕುಂಕುಮವಾದ ಮೇಲೆ ಅವಳು ಬಾಗಿಲ ಕಡೆಗೆ ತಿರುಗಿ ಕಾಲು ಚಾಚಿದಳು. "ನನ್ದೂ ತೆಗೀರಿ. ನಂಗೆ ಬಗ್ಗಕ್ಕಾಗಲ್ಲ." ಬೈರಣ್ಣ ಅವಳ ನೀಲಿ ಪಟ್ಟಿಯ ಹವಾಯಿ ಚಪ್ಪಲಿಗಳನ್ನು ಬಿಡಿಸಿ ಬಂಡೆಯ ಮೇಲಿನ ರಾಶಿಗೆ ಹಾಕಿದ. ಕಾಯುವವಳ ಚಪ್ಪಲಿ ಮೂರು ವರ್ಷ ಕಾಲಿನಲ್ಲೇ ಇತ್ತು.

ಮೊದಲ ತಿರುವಿನಲ್ಲಿ ಪಿಕಪ್ಪು ಒಂದು ಸಲ ಹಿಂಜರಿಯಿತು. ನಾರಾಯಣಮ್ಮ ಕಣ್ಣು ಮುಚ್ಚಿ ಗಂಡನ ತೋಳು ಹಿಡಿದಳು. ಬೈರಣ್ಣ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದ. ಟೈರಿನ ಹಲ್ಲುಗಳು ಕೆಂಪು ಮಣ್ಣನ್ನು ಕಚ್ಚಿ ಹಿಡಿದವು, ಗಾಡಿ ಮುಂದೆ ಹೋಯಿತು. ಹಿಂದೆ ಬರಿಗಾಲಲ್ಲಿ ಬರುತ್ತಿದ್ದವರು ಹೋ ಎಂದು ಕೂಗಿದರು.

ಮೇಲೆ ವಾರಗಿತ್ತಿ ಸೌಟನ್ನು ನಾರಾಯಣಮ್ಮನ ಕೈಗೆ ಕೊಟ್ಟಳು. ನಾರಾಯಣಮ್ಮ ಒಲೆಯ ಕಲ್ಲೊಂದನ್ನು ಸ್ವಲ್ಪ ಆಚೆ ಸರಿಸಿ, ಸ್ಟೂಲಿನ ಮೇಲೆ ಕೂತು ಅಡುಗೆಗೆ ತೊಡಗಿದಳು. ಅವರೆಕಾಳಿನ ಸಾರು, ಮುದ್ದೆ, ಮೊಸರನ್ನ ಬಡಿಸಿದ ಎಲೆಯನ್ನು ತನ್ನ ಕೈಯಾರೆ ಮುನೇಶ್ವರನ ಮುಂದಿಟ್ಟಾಗ ಅವಳ ಕಣ್ಣು ತುಂಬಿತ್ತು. ಬೈರಣ್ಣ ಒಲೆಯ ಹೊಗೆ ಎಂದು ತನ್ನ ಕಣ್ಣನ್ನೂ ಒರೆಸಿಕೊಂಡ. ಅಂದಿನ ಸಾರಿಗೆ ಉಪ್ಪು ತುಸು ಕಡಿಮೆಯಾಗಿತ್ತು. ಯಾರೂ ಅದನ್ನು ಹೇಳಲಿಲ್ಲ.

ಸಂಜೆ ಇಳಿದು ಬಂದಾಗ ಎಕ್ಕಡದ ಬಂಡೆಯ ಮೇಲೆ ದೊಡ್ಡ ಗೊಂದಲ. ಕಾಯುವವರಿಲ್ಲದೆ ನಾಯಿಯೋ ಮೇಕೆಯೋ ನುಗ್ಗಿ ಚಪ್ಪಲಿಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿತ್ತು. ಎಲ್ಲರೂ ಬಗ್ಗಿ ತಮ್ಮ ತಮ್ಮ ಜೊತೆ ಹುಡುಕುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಯಾರ ಚಪ್ಪಲಿ ಎಲ್ಲಿದೆ ಎಂದು ಕೂತಲ್ಲಿಂದಲೇ ಬೆರಳು ತೋರಿಸುತ್ತಿದ್ದ ನಾರಾಯಣಮ್ಮ ಗಾಡಿಯಿಂದ ಇಳಿದು, ಬಾಗಿಲು ಹಿಡಿದು, ಬರಿಗಾಲಲ್ಲಿ ಅವರ ನಡುವೆ ನಿಂತಳು.

"ರೀ, ನನ್ ಚಪ್ಪಲಿ ಎಲ್ಲೋಯ್ತು, ಸ್ವಲ್ಪ ಹುಡುಕ್ರೀ," ಎಂದಳು, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ.